ಜರ್ಮನಿಯ ಅಂಗಿ ತೊಟ್ಟು ಆಡಿದ ವರ್ಷಗಳು

ಜರ್ಮನಿಯ ಮಹಿಳಾ ಕ್ರಿಕೆಟ್ ತಂಡಕ್ಕೆ ಆಡಿದ್ದೇನೆ ಎಂದರೆ ನಮ್ಮವರಲ್ಲಿ ಹೆಚ್ಚಿನವರು ಮೊದಲು ಕೇಳುವುದು, "ಹಾಗಾದರೆ ಪಾಸ್‌ಪೋರ್ಟ್ ಬದಲಾಯಿಸಿದೆಯಾ?" ಎಂದು. ಜರ್ಮನ್ನರ ಪ್ರಶ್ನೆ ಬೇರೆ: "ನಮ್ಮ ದೇಶಕ್ಕೆ ಕ್ರಿಕೆಟ್ ತಂಡವೂ ಇದೆಯೇ?" ಅವರಲ್ಲಿ ಕೆಲವರು ಕ್ರಿಕೆಟ್ ಎಂದರೆ ಹುಲ್ಲಿನ ಮೇಲೆ ಕಮಾನುಗಳೊಳಗೆ ಚೆಂಡು ತೂರಿಸುವ ಕ್ರೋಕೆ ಆಟ ಎಂದೇ ತಿಳಿದಿದ್ದಾರೆ. ಪಾಸ್‌ಪೋರ್ಟ್ ಬದಲಾಯಿಸಿಲ್ಲ, ತಂಡ ಇದೆ ಎಂದು ಇಬ್ಬರಿಗೂ ಒಂದೊಂದು ಮಾತಿನಲ್ಲಿ ಉತ್ತರ ಹೇಳಿ ಮುಗಿಸುತ್ತಿದ್ದೆ. ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪರದೇಶಕ್ಕೆ ಆಡುವ ಕ್ರಿಕೆಟಿಗರೆಂದರೆ ನಮಗೆ ನೆನಪಾಗುವುದು ಇಸ್ಲಾಮಾಬಾದಿನಲ್ಲಿ ಹುಟ್ಟಿ ಸಿಡ್ನಿಯಲ್ಲಿ ಬೆಳೆದ ಉಸ್ಮಾನ್ ಖವಾಜಾ, ಲಾಹೋರಿನಿಂದ ದಕ್ಷಿಣ ಆಫ್ರಿಕಾ ಸೇರಿದ ಇಮ್ರಾನ್ ತಾಹಿರ್. ಅವರದು ದೊಡ್ಡ ಮೈದಾನಗಳ ಕಥೆ. ನನ್ನದು ಫುಟ್‌ಬಾಲ್ ಅಂಗಳದ ಅಂಚಿನಲ್ಲಿ ಹಾಸಿದ ಹಸಿರು ಕಾರ್ಪೆಟ್ಟಿನ ಮೇಲೆ ನಡೆದದ್ದು. ನಮ್ಮ ಮಟ್ಟದ ಬಗ್ಗೆ ಬಡಾಯಿ ಕೊಚ್ಚುವುದಿಲ್ಲ. ಕರ್ನಾಟಕದ ರಾಜ್ಯ ತಂಡ ಎದುರಾದರೆ ನಾವು ಹೆಚ್ಚು ಹೊತ್ತು ನಿಲ್ಲಲಾರೆವು. ಆದರೂ 2018ರ ಜುಲೈ 1ರಿಂದ ಐಸಿಸಿ ಎಲ್ಲ ಸದಸ್ಯ ದೇಶಗಳ ಮಹಿಳಾ ಟಿ20 ಪಂದ್ಯಗಳಿಗೂ ಅಂತರರಾಷ್ಟ್ರೀಯ ಮಾನ್ಯತೆ ಕೊಟ್ಟಿದ್ದರಿಂದ, ಸ್ಮೃತಿ ಮಂಧಾನ ಅವರ ಅಂಕಿ ಅಂಶ ಇರುವ ದಾಖಲೆ ಪುಸ್ತಕದಲ್ಲೇ ನನ್ನ ನಾಲ್ಕು ಸಾಲೂ ಇದೆ. ನಮ್ಮ ಅಪ್ಪನಿಗೆ ಅಷ್ಟೇ ಸಾಕಾಗಿತ್ತು.

ಮೈಸೂರು ವಲಯದಲ್ಲಿ ಆಫ್‌ಸ್ಪಿನ್ ಬೌಲಿಂಗ್ ಮಾಡುತ್ತಿದ್ದವಳು ನಾನು. ರಾಜ್ಯ ತಂಡದ ಬಾಗಿಲವರೆಗೂ ಹೋಗಲಿಲ್ಲ, ಹೋಗುವಷ್ಟು ಚೆನ್ನಾಗಿಯೂ ಆಡುತ್ತಿರಲಿಲ್ಲ. 2017ರಲ್ಲಿ ಸಾಫ್ಟ್‌ವೇರ್ ಪರೀಕ್ಷಕಿಯ ಕೆಲಸ ಸಿಕ್ಕಿ ಸ್ಟುಟ್‌ಗಾರ್ಟಿಗೆ ಬಂದಾಗ ಕ್ರಿಕೆಟ್ ಮುಗಿಯಿತೆಂದೇ ಅಂದುಕೊಂಡಿದ್ದೆ. ಸಹೋದ್ಯೋಗಿಯೊಬ್ಬರು ಶನಿವಾರದ ಆಟಕ್ಕೆ ಕರೆದರು. ಹೋಗಿ ನೋಡಿದರೆ ತಂಡದಲ್ಲಿ ಹೆಚ್ಚಿನವರು ಆಫ್ಘನ್ನರು, ಅದರಲ್ಲೂ 2015ರ ಆಸುಪಾಸಿನಲ್ಲಿ ನಿರಾಶ್ರಿತರಾಗಿ ಬಂದ ಹುಡುಗರು. ಜೊತೆಗೆ ನಾಲ್ಕಾರು ಭಾರತೀಯ ಎಂಜಿನಿಯರುಗಳು, ಒಬ್ಬ ವಯಸ್ಸಾದ ಇಂಗ್ಲಿಷ್ ಶಿಕ್ಷಕರು. ಜರ್ಮನಿಯಲ್ಲಿ ಕ್ರಿಕೆಟ್ ಮತ್ತೆ ಚಿಗುರಿದ್ದರ ದೊಡ್ಡ ಪಾಲು ಆ ಆಫ್ಘನ್ ಹುಡುಗರಿಗೇ ಸೇರಬೇಕು. ಜರ್ಮನ್ ಭಾಷೆಯನ್ನು ನನಗಿಂತ ಬೇಗ ಕಲಿತವರೂ ಅವರೇ.

ಇಲ್ಲಿ ಆಟವೆಂದರೆ ಫೆರೈನ್, ಅಂದರೆ ನೋಂದಾಯಿತ ಸಂಘ. ಶಾಲೆಯೂ ಕಂಪನಿಯೂ ಆಟವನ್ನು ಸಾಕುವುದಿಲ್ಲ. ಏಳು ಜನ ಸೇರಿ ನಿಯಮಾವಳಿ ಬರೆದು ನೋಂದಾಯಿಸಿದರೆ ಫೆರೈನ್ ಹುಟ್ಟುತ್ತದೆ. ಆಮೇಲೆ ಅಧ್ಯಕ್ಷ, ಖಜಾಂಚಿ, ವಾರ್ಷಿಕ ಸಭೆ, ಸಭೆಯ ನಡಾವಳಿ. ಮೊದಮೊದಲು ನಗು ಬರುತ್ತಿತ್ತು. ನಗರಸಭೆಯ ಮೈದಾನ ಸಿಗುವುದು ಈ ಕಾಗದಗಳಿಂದಲೇ ಎಂದು ಗೊತ್ತಾದ ಮೇಲೆ ನಡಾವಳಿ ಬರೆಯುವ ಕೆಲಸಕ್ಕೆ ನಾನೇ ಕೈ ಎತ್ತಿದೆ.

ಒಂದು ದೇಶದ ತಂಡಕ್ಕೆ ಆಡುವ ಅರ್ಹತೆಯ ನಿಯಮ ಕೇಳಲು ಸರಳ. ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಅದರ ಪಾಸ್‌ಪೋರ್ಟ್ ಇರಬೇಕು, ಇಲ್ಲವೇ ಹಿಂದಿನ ಮೂರು ವರ್ಷ ಅಲ್ಲೇ ನೆಲೆಸಿರಬೇಕು. ನನಗೆ ತೆರೆದಿದ್ದದ್ದು ಮೂರನೆಯ ಬಾಗಿಲು. ನೆಲೆಸುವುದೆಂದರೆ ಬಾಡಿಗೆ ಕರಾರು ಇಟ್ಟುಕೊಂಡು ಊರೂರು ಸುತ್ತುವುದಲ್ಲ. ವರ್ಷದ ಬಹುಪಾಲು ಅಲ್ಲೇ ಇದ್ದು ಅದನ್ನು ಕಾಗದದಲ್ಲಿ ತೋರಿಸಬೇಕು. ಜರ್ಮನಿಯಲ್ಲಿ ಮನೆ ಬದಲಿಸಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬ ಕಾನೂನಿದೆ. ಎಲ್ಲರೂ ಗೊಣಗುವ ಆ ನೋಂದಣಿ ಪತ್ರವೇ ನನ್ನ ಪಾಲಿಗೆ ಆಯ್ಕೆಯ ಮೊದಲ ಮೆಟ್ಟಿಲಾಯಿತು. ಕೆಲಸದ ಪರವಾನಗಿ, ಸಂಬಳದ ಚೀಟಿ, ಪಾಸ್‌ಪೋರ್ಟಿನಲ್ಲಿ ಬಿದ್ದ ಪ್ರತಿಯೊಂದು ಮುದ್ರೆ, ಎಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿಟ್ಟೆ. ತಂಗಿಯ ಮದುವೆಗೆ ಹೋದಾಗ ಅಮ್ಮ, "ಲ್ಯಾಪ್‌ಟಾಪಿನಲ್ಲೇ ಕೆಲಸ ಅಲ್ಲವೇನೇ, ಇಲ್ಲೇ ಕೂತು ಮಾಡು, ಯುಗಾದಿ ಮುಗಿಸಿಕೊಂಡು ಹೋಗು" ಎಂದರು. ಕಂಪನಿ ಒಪ್ಪುತ್ತಿತ್ತು, ನಿಯಮ ಒಪ್ಪುತ್ತಿರಲಿಲ್ಲ. ಮದುವೆಯ ಚಪ್ಪರ ಬಿಚ್ಚುವ ಮೊದಲೇ ಹೊರಟು ಬಂದೆ. ಆ ಸಿಟ್ಟು ಅಮ್ಮನಿಗೆ ಬಹಳ ದಿನ ಇತ್ತು.

ಕಾಯುವ ಆ ಕಾಲದಲ್ಲಿ ಬೌಲಿಂಗನ್ನು ಹೊಸದಾಗಿ ಕಲಿತೆ. ನಮ್ಮಲ್ಲಿ ತೆಂಗಿನ ನಾರಿನ ಮ್ಯಾಟಿಂಗ್ ಅಂಕಣದಲ್ಲಿ ಆಡಿ ಬೆಳೆದವರಿಗೆ ಗೊತ್ತು, ನಾರು ಚೆಂಡನ್ನು ಹಿಡಿದು ತಿರುಗಿಸುತ್ತದೆ. ಬೆರಳಿಗೆ ಸ್ವಲ್ಪ ಜೀವ ಇದ್ದರೂ ಆಫ್‌ಸ್ಪಿನ್ನರ್ ರಾಣಿ. ಜರ್ಮನಿಯ ಕ್ಲಬ್ ಅಂಕಣಗಳಲ್ಲಿ ಹೆಚ್ಚಿನವು ಕಾಂಕ್ರೀಟಿನ ಮೇಲೆ ಅಂಟಿಸಿದ ಕೃತಕ ಹುಲ್ಲು. ಚೆಂಡು ಅಲ್ಲಿ ತಿರುಗುವುದಕ್ಕಿಂತ ಹೆಚ್ಚಾಗಿ ಏಳುತ್ತದೆ. ಗಾಳಿಯಲ್ಲಿ ತೂಗಿ ಬಿಟ್ಟ ಚೆಂಡು ಸೊಂಟದ ಎತ್ತರಕ್ಕೆ ಪುಟಿದು, ಬ್ಯಾಟ್ ಬೀಸುವವರಿಗೆ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಸಿಗುತ್ತಿತ್ತು. ಆದ್ದರಿಂದ ತೂಗುವುದನ್ನು ಕಡಿಮೆ ಮಾಡಿ, ಕಾಲ ಬುಡಕ್ಕೆ, ಸ್ಟಂಪಿನ ನೇರಕ್ಕೆ, ವೇಗ ಏರಿಸಿ ಇಳಿಸಿ ಹಾಕತೊಡಗಿದೆ. ಪುಟಿಯಲು ಜಾಗವೇ ಕೊಡದಿದ್ದರೆ ಕೃತಕ ಹುಲ್ಲು ಏನು ಮಾಡೀತು?

ಇನ್ನೊಂದು ವಿಷಯ ಚೆಂಡಿನದು. ಶನಿವಾರ ಪುರುಷರ ಲೀಗಿನಲ್ಲಿ ಆಡುವಾಗ 156 ಗ್ರಾಮಿಗೂ ಮೇಲ್ಪಟ್ಟ ಚೆಂಡು. ಮಹಿಳಾ ಪಂದ್ಯದ ಚೆಂಡು 140ರಿಂದ 151 ಗ್ರಾಂ, ಗಾತ್ರವೂ ಕೊಂಚ ಕಡಿಮೆ. ದೊಡ್ಡ ಚೆಂಡಿಗೆ ಒಗ್ಗಿದ ಬೆರಳಿಗೆ ಚಿಕ್ಕ ಚೆಂಡು ಚೆನ್ನಾಗಿ ಕೂರುತ್ತದೆ. ಹೊಸಬರಿಗೆ ದೊಡ್ಡ ಚೆಂಡಿನ ಅಭ್ಯಾಸವನ್ನು ಬೇಕೆಂದೇ ಮಾಡಿಸುತ್ತೇನೆ. ಚಳಿಗಾಲದ ಅಭ್ಯಾಸದ ಬಗ್ಗೆ ಹೇಳುವಂಥದ್ದೇನಿಲ್ಲ. ಶಾಲೆಯ ವ್ಯಾಯಾಮ ಮಂದಿರ, ಮರದ ನೆಲ, ಮೆತ್ತನೆಯ ಚೆಂಡು, ಅಷ್ಟೇ.

ತಂಡಕ್ಕೆ ನನ್ನನ್ನು ಸೇರಿಸಿದ್ದು ಯಾವ ಮಾಯಾವಿ ಎಸೆತವೂ ಅಲ್ಲ, ವೈಡ್ ಹಾಕದಿರುವುದು. ಈ ಹಂತದ ಮಹಿಳಾ ಕ್ರಿಕೆಟ್ಟಿನ ಸ್ಕೋರ್ ಪಟ್ಟಿ ತೆಗೆದು ನೋಡಿ. ಎಷ್ಟೋ ಪಂದ್ಯಗಳಲ್ಲಿ ಇತರೆ ರನ್ನುಗಳೇ ಅತಿ ಹೆಚ್ಚು ಗಳಿಸಿದ ಬ್ಯಾಟರ್‌ಗಿಂತ ಮುಂದಿರುತ್ತವೆ. ಆಟಕ್ಕೆ ತಡವಾಗಿ ಬಂದವರ ಕೈಯಲ್ಲಿ ಹೊಸ ಚೆಂಡು ದಿಕ್ಕು ತಪ್ಪುವುದು ಸಹಜ. ಅಂಥಲ್ಲಿ ನಾಲ್ಕು ಓವರನ್ನು ನೇರವಾಗಿ ಹಾಕಬಲ್ಲವಳು ಇದ್ದರೆ ನಾಯಕಿ ಅವಳನ್ನು ಬಿಡುವುದಿಲ್ಲ. ಮೈಸೂರಿನಲ್ಲಿ ನಮ್ಮ ತರಬೇತುದಾರರು ನಾಣ್ಯ ಇಟ್ಟು ಗುರಿ ಹಿಡಿಸುತ್ತಿದ್ದ ಬೇಸರದ ಸಂಜೆಗಳ ಬೆಲೆ ಇಲ್ಲಿ ತಿಳಿಯಿತು.

ಕನ್ನಡಿಗರಿಗೆ ಈ ತಂಡ ಗೊತ್ತಿರಲೇಬೇಕಾದ ಕಾರಣ ಒಂದಿದೆ. ನಮ್ಮ ರಾಜ್ಯದಿಂದಲೇ ಬಂದ ಅನುರಾಧಾ ದೊಡ್ಡಬಳ್ಳಾಪುರ ಜರ್ಮನಿಯ ನಾಯಕಿಯಾಗಿದ್ದವರು; ವೃತ್ತಿಯಲ್ಲಿ ಹೃದಯಕ್ಕೆ ಸಂಬಂಧಿಸಿದ ಸಂಶೋಧನೆ ಮಾಡುವ ವಿಜ್ಞಾನಿ, ಬಾಡ್ ನೌಹೈಮಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದವರು. 2020ರ ಆಗಸ್ಟ್ 14ರಂದು ಆಸ್ಟ್ರಿಯಾ ವಿರುದ್ಧ ಸತತ ನಾಲ್ಕು ಎಸೆತಗಳಲ್ಲಿ ನಾಲ್ಕು ವಿಕೆಟ್ ಕಿತ್ತರು. ಅವರ ಒಟ್ಟು ಲೆಕ್ಕ ಒಂದು ರನ್ನಿಗೆ ಐದು ವಿಕೆಟ್. ಮಹಿಳಾ ಅಂತರರಾಷ್ಟ್ರೀಯ ಟಿ20ಯಲ್ಲಿ ಅದಕ್ಕೂ ಮೊದಲು ಯಾರೂ ಹಾಗೆ ನಾಲ್ಕು ತೆಗೆದಿರಲಿಲ್ಲ; ಪುರುಷರಲ್ಲಿ ರಶೀದ್ ಖಾನ್, ಮಾಲಿಂಗ ಮಾಡಿದ್ದರು. ಆ ಸರಣಿಗೆ ನಾನಿರಲಿಲ್ಲ, ಮೊಬೈಲಿನಲ್ಲಿ ಸ್ಕೋರ್ ನೋಡುತ್ತಿದ್ದೆ. ಜಾಲತಾಣ ಕೆಟ್ಟಿದೆ ಎಂದುಕೊಂಡು ಪುಟವನ್ನು ಮತ್ತೆ ಮತ್ತೆ ತೆರೆದೆ.

ನನ್ನ ಸರದಿ ಬಂದದ್ದು ಅದಾದ ಮೇಲೆ. ಶಿಬಿರಗಳು ಹೆಚ್ಚಾಗಿ ಜರ್ಮನಿಯ ಪಶ್ಚಿಮದ ಕ್ರೇಫೆಲ್ಡ್ ನಗರದಲ್ಲಿ. ಸ್ಟುಟ್‌ಗಾರ್ಟಿನಿಂದ ವೇಗದ ರೈಲಿನ ಟಿಕೆಟ್ ಕೈಸುಡುತ್ತದೆ. 2023ರ ಮೇ ತಿಂಗಳಲ್ಲಿ ತಿಂಗಳಿಗೆ 49 ಯೂರೋ ಕೊಟ್ಟರೆ ದೇಶವಿಡೀ ಪ್ರಾದೇಶಿಕ ರೈಲುಗಳಲ್ಲಿ ಓಡಾಡುವ ಟಿಕೆಟ್ ಬಂತು (ಈಗ ಅದರ ಬೆಲೆ ಏರಿದೆ). ಆಮೇಲೆ ಅರ್ಧ ದಿನ ರೈಲು ಬದಲಿಸುತ್ತಾ, ಕಿಟ್ ಬ್ಯಾಗನ್ನು ಸೈಕಲ್ ನಿಲ್ಲಿಸುವ ಜಾಗಕ್ಕೆ ತುರುಕುತ್ತಾ ಹೋಗುತ್ತಿದ್ದೆ. ಆಡುವುದಕ್ಕೆ ಸಂಬಳವಿಲ್ಲ, ರಜೆ ನಮ್ಮದೇ. ಸಹೋದ್ಯೋಗಿಗಳು ಮಯೋರ್ಕಾ ದ್ವೀಪದ ಕಡಲತೀರಕ್ಕೆ ಹೋಗಲು ಇಟ್ಟುಕೊಳ್ಳುವ ವಾರ್ಷಿಕ ರಜೆ ನನಗೆ ಶಿಬಿರ, ಸರಣಿ, ಅರ್ಹತಾ ಪಂದ್ಯಾವಳಿಗಳಲ್ಲಿ ಕರಗಿತು. 2024ರ ಜೂನ್ 6ರಂದು ಅಮೆರಿಕದ ಸೌರಭ್ ನೇತ್ರಾವಳ್ಕರ್ ಪಾಕಿಸ್ತಾನದ ವಿರುದ್ಧ ಸೂಪರ್ ಓವರ್ ಹಾಕಿ ಗೆಲ್ಲಿಸಿದಾಗ, ಅವರು ಒರಾಕಲ್ ಕಂಪನಿಯ ಎಂಜಿನಿಯರ್ ಎಂದು ಜಗತ್ತೇ ಬೆರಗಾಯಿತು. ನಮ್ಮ ತಂಡದ ವಾಟ್ಸಾಪ್ ಗುಂಪಿನಲ್ಲಿ ಬಂದ ಮೊದಲ ಪ್ರಶ್ನೆ: "ಇವರಿಗೆ ರಜೆ ಕೊಡುವವರು ಯಾರಪ್ಪಾ?"

ಪಾಸ್‌ಪೋರ್ಟಿನ ನಿಜವಾದ ತೂಕ ಗೊತ್ತಾಗುವುದು ವಿಮಾನ ನಿಲ್ದಾಣದಲ್ಲಿ. ಸ್ಪೇನ್, ಆಸ್ಟ್ರಿಯಾಗಳಿಗೆ ಜರ್ಮನಿಯ ವಾಸದ ಕಾರ್ಡ್ ಸಾಕು. 2023ರಲ್ಲಿ ಮಹಿಳಾ ಟಿ20 ವಿಶ್ವಕಪ್ಪಿನ ಅರ್ಹತಾ ಪಂದ್ಯಾವಳಿಯ ಯುರೋಪಿನ ಎರಡನೇ ವಿಭಾಗ ಜರ್ಸಿ ದ್ವೀಪದಲ್ಲಿ ನಡೆಯಿತು. ಅದು ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ಒಳಗಿಲ್ಲ. ಆಗ ಅಲ್ಲಿಗೆ ಹೋಗಬೇಕೆಂದರೆ ಜರ್ಮನ್ ಪಾಸ್‌ಪೋರ್ಟಿನವರು ಬ್ಯಾಗು ತುಂಬಿಕೊಂಡರೆ ಸಾಕಿತ್ತು, ಭಾರತದ ಪಾಸ್‌ಪೋರ್ಟಿನವರು ವೀಸಾ ಅರ್ಜಿ ತುಂಬಬೇಕಿತ್ತು, ಬೆರಳಚ್ಚು ಕೊಡಬೇಕಿತ್ತು, ಪಾಸ್‌ಪೋರ್ಟ್ ಒಪ್ಪಿಸಿ ಕಾಯಬೇಕಿತ್ತು. ಪ್ರವಾಸದ ಉದ್ದೇಶ ಎಂಬ ಕಡೆ "ಜರ್ಮನಿಯನ್ನು ಪ್ರತಿನಿಧಿಸಲು" ಎಂದು ಬರೆದು, ರಾಷ್ಟ್ರೀಯತೆ ಎಂಬ ಕಡೆ "ಭಾರತೀಯ" ಎಂದು ಬರೆಯುವಾಗ, ಅರ್ಜಿ ನೋಡುವ ಅಧಿಕಾರಿ ಏನಂದುಕೊಳ್ಳಬಹುದೆಂದು ನಗು ಬರುತ್ತದೆ.

ನಿಷ್ಠೆಯ ಪ್ರಶ್ನೆ ಕೇಳುವವರಿದ್ದಾರೆ. ಭಾರತದ ವಿರುದ್ಧ ಆಡಬೇಕಾಗಿ ಬಂದರೆ? ಬರುವುದಿಲ್ಲ, ಅಷ್ಟು ಮೇಲೆ ನಾವು ಏರುವ ಲಕ್ಷಣ ಸದ್ಯಕ್ಕಿಲ್ಲ. ಪಂದ್ಯಕ್ಕೆ ಮುಂಚೆ ಸಾಲಾಗಿ ನಿಂತಾಗ ರಾಷ್ಟ್ರಗೀತೆ ಹಾಡುತ್ತಿದ್ದೆ. ಜರ್ಮನಿಯಲ್ಲಿ ಆ ಗೀತೆಯ ಮೂರನೆಯ ಚರಣ ಮಾತ್ರ ರಾಷ್ಟ್ರಗೀತೆ, ಹಾಗಾಗಿ ಬಾಯಿಪಾಠಕ್ಕೆ ಕಷ್ಟವಾಗಲಿಲ್ಲ. ತೆರಿಗೆ ಇಲ್ಲಿ ಕಟ್ಟುತ್ತೇನೆ, ಮಂಡಿ ನೋವಿಗೆ ಚಿಕಿತ್ಸೆ ಇಲ್ಲಿ ಪಡೆಯುತ್ತೇನೆ, ನನ್ನ ಎಸೆತಕ್ಕೆ ಕ್ಯಾಚ್ ಹಿಡಿಯುವವರು ಇಲ್ಲಿಯವರು. ಬೌಂಡರಿ ಗೆರೆಯಲ್ಲಿ ಜಾರಿ ಬಿದ್ದು ಒಂದು ರನ್ ಉಳಿಸುವಾಗ ಇದಕ್ಕಿಂತ ಹೆಚ್ಚಿನ ದೇಶಭಕ್ತಿ ಬೇಕಾಗುವುದಿಲ್ಲ. ನಮ್ಮ ತಂಡವನ್ನು "ಬಾಡಿಗೆ ಭಾರತೀಯರದು" ಎಂದು ಹಗುರವಾಗಿ ಮಾತಾಡುವವರ ಮೇಲೆ ಮಾತ್ರ ನನಗೆ ಕೋಪವಿದೆ. ಬಾಡಿಗೆ ಯಾರು ಕೊಡುತ್ತಿದ್ದಾರೆ ಸ್ವಾಮಿ? ನಾವೇ.

ಈ ದಾರಿಗೆ ಒಂದು ಗೋಡೆಯೂ ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕ್ರಿಕೆಟ್ ಇದೆ, ಆದರೆ ಒಲಿಂಪಿಕ್ ನಿಯಮದಂತೆ ಆಟಗಾರರು ಆ ದೇಶದ ಪ್ರಜೆಗಳೇ ಆಗಿರಬೇಕು. ಮೂರು ವರ್ಷದ ವಾಸ ಅಲ್ಲಿ ನಡೆಯುವುದಿಲ್ಲ. ಮಹಿಳೆಯರಲ್ಲಿ ಆರೇ ತಂಡಗಳಿಗೆ ಅವಕಾಶ, ಆದ್ದರಿಂದ ನಮಗೆ ಇದು ಹಗಲುಗನಸು. ಆದರೂ ನನ್ನಂಥವರು ತಂಡದ ತುಂಬ ಇದ್ದರೆ ಮುಂದೆ ತೊಡಕಾಗುತ್ತದೆ ಎನ್ನುವುದು ನಿಜ. 2024ರ ಜೂನ್‌ನಿಂದ ಜರ್ಮನಿ ಐದು ವರ್ಷದ ವಾಸಕ್ಕೇ ಪೌರತ್ವ ಕೊಡುತ್ತಿದೆ, ಹಳೆಯ ಪೌರತ್ವ ಬಿಡು ಎಂದೂ ಕೇಳುವುದಿಲ್ಲ. ಕೇಳುವುದು ಭಾರತ. ಎರಡು ಪೌರತ್ವ ನಮ್ಮ ಕಾನೂನಿನಲ್ಲಿಲ್ಲ. ಪಾಸ್‌ಪೋರ್ಟ್ ಒಪ್ಪಿಸಿ, ಸಾಗರೋತ್ತರ ನಾಗರಿಕರ ಕಾರ್ಡ್ ಪಡೆಯಬೇಕು. ತಂಡದಲ್ಲಿ ನನಗಿಂತ ಚಿಕ್ಕವರಾದ ಇಬ್ಬರು ಹಾಗೆ ಮಾಡಿದರು. ಭುಜ ಸೋತು ತಂಡದಿಂದ ಹೊರಬಂದ ಮೇಲೆ ಕ್ರಿಕೆಟ್ಟಿಗಾಗಿ ಅದನ್ನು ಮಾಡಲು ನನಗೆ ಕಾರಣ ಉಳಿದಿರಲಿಲ್ಲ.

ಈಗ ಕ್ಲಬ್ಬಿನ ಖಜಾಂಚಿ ನಾನು, ಭಾನುವಾರ ಹುಡುಗಿಯರಿಗೆ ತರಬೇತಿಯನ್ನೂ ಕೊಡುತ್ತೇನೆ. ಅವರಲ್ಲಿ ಇಬ್ಬರು ಇಲ್ಲೇ ಹುಟ್ಟಿದ ಜರ್ಮನ್ ಮಕ್ಕಳು, ಹ್ಯಾಂಡ್‌ಬಾಲ್ ಬಿಟ್ಟು ಬಂದವರು. ಅವರ ಎಸೆತದ ಬಲ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಊರಿನಿಂದ ಓದಲು, ಕೆಲಸಕ್ಕೆ ಬರುವ ಹುಡುಗಿಯರು ಸಲಹೆ ಕೇಳಿ ಬರೆಯುತ್ತಿರುತ್ತಾರೆ. ಉಕ್ಕಿನ ಮೊಳೆಯ ಬೂಟು ಹೊತ್ತು ತರಬೇಡಿ, ಕೃತಕ ಹುಲ್ಲಿನ ಮೇಲೆ ರಬ್ಬರ್ ತಳದ್ದೇ ಬೇಕು. ಬಂದ ಕೂಡಲೇ ವಿಳಾಸ ನೋಂದಾಯಿಸಿ, ಮೂರು ವರ್ಷದ ಲೆಕ್ಕಕ್ಕೆ ಆ ಪತ್ರ ಬೇಕಾಗುತ್ತದೆ. ಕ್ಲಬ್ ಶುಲ್ಕವನ್ನು ಋತು ಆರಂಭವಾಗುವ ಮೊದಲೇ ಕಟ್ಟಿ. ಕಟ್ಟದವರ ಬೆನ್ನು ಹತ್ತುವ ಕೆಲಸ ಈಗ ನನ್ನದೇ.