ಮಗುವಿನ ಓದು ಎಲ್ಲಿ ತಡವರಿಸುತ್ತದೆ? ಕಂಡುಹಿಡಿದು ಗುಂಪು ಮಾಡುವುದು ಹೀಗೆ

ಹೊಸನಗರ, ತೀರ್ಥಹಳ್ಳಿ ಕಡೆಯ ಸಣ್ಣ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ಒಂದೇ ನಲಿಕಲಿ ಕೋಣೆ, ಅಂದರೆ ಎಲ್ಲ ಕ್ಲಾಸಿನ ಮಕ್ಕಳೂ ಒಟ್ಟಿಗೆ ಕೂತು ಚಟುವಟಿಕೆಗಳಿಂದ ಕಲಿಯುವ ಪದ್ಧತಿ. ಅದರ ಮೇಲೆ ಜುಲೈನ ಮಳೆ ರಜೆ. ಶಾಲೆ ಮತ್ತೆ ಶುರುವಾದಾಗ ಕ್ಲಾಸು ನೋಡಿ ಗುಂಪು ಮಾಡಿದರೆ ಪ್ರಯೋಜನ ಇಲ್ಲ. ಓದಿಸಿ ನೋಡಬೇಕು.

ಮೊದಲು ಒಂದು ಹಾಳೆ ಸಿದ್ಧ ಮಾಡಿಕೊಳ್ಳಿ. ಹತ್ತು ಅಕ್ಷರ, ಹತ್ತು ಪದ, ನಾಲ್ಕು ಸಾಲಿನ ಪ್ಯಾರಾ, ಎಂಟು-ಹತ್ತು ಸಾಲಿನ ಕಥೆ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯಲು 2005ರಲ್ಲಿ ಶುರುವಾದ ಅಸರ್ ಸಮೀಕ್ಷೆಯದೂ ಇದೇ ಏಣಿ. ಅದರಲ್ಲಿ ಪ್ಯಾರಾ ಒಂದನೇ ತರಗತಿ ಮಟ್ಟದ್ದು, ಕಥೆ ಎರಡನೆಯದರದ್ದು. ಪಠ್ಯಪುಸ್ತಕದಿಂದ ಮಾತ್ರ ಎತ್ತಬೇಡಿ. ನಾನು ಹಾಗೆ ಮಾಡಿ ಮೋಸ ಹೋಗಿದ್ದೇನೆ. ಎರಡನೇ ಕ್ಲಾಸಿನ ಹುಡುಗನೊಬ್ಬ ಪಟಪಟ ಓದಿದ. ಖುಷಿಯಾಯಿತು. ಆಮೇಲೆ ನೋಡಿದರೆ, ಪುಟ ತಿರುಗಿಸುವ ಮೊದಲೇ ಮುಂದಿನ ಪುಟದ ಸಾಲನ್ನೂ ಹೇಳಿಬಿಟ್ಟ! ಅಡಿಕೆ ಸುಲಿಯುವುದು, ಕೊಟ್ಟಿಗೆಯ ಕರು, ಹಲಸಿನ ಹಣ್ಣು, ಹೀಗೆ ಅವರು ಕಂಡದ್ದರ ಮೇಲೆ ನೀವೇ ನಾಲ್ಕು ಸಾಲು ಬರೆಯಿರಿ.

ಒಬ್ಬೊಬ್ಬರನ್ನೇ ಜಗುಲಿಗೆ ಕರೆಯಿರಿ. ಎಲ್ಲರೆದುರು ಓದಿಸಿದರೆ ಬರುವ ಮಗುವಿಗೂ ಬಾಯಿ ಕಟ್ಟುತ್ತದೆ. ಹೆಂಚಿನ ಮೇಲೆ ಮಳೆ ಹೊಡೆಯುವಾಗ ಸುಮ್ನೆ ಪ್ರಯತ್ನಿಸಬೇಡಿ, ಏನೂ ಕೇಳಿಸುವುದಿಲ್ಲ.

ಪ್ಯಾರಾದಿಂದ ಶುರು ಮಾಡಿ. ಮೂರಕ್ಕಿಂತ ಜಾಸ್ತಿ ತಪ್ಪಿಲ್ಲದೆ, ಬಿಡಿ ಪದಗಳಾಗಿ ಅಲ್ಲದೆ ಸಾಲಾಗಿ ಓದಿದರೆ ಕಥೆ ಕೊಡಿ. ಆಗಲಿಲ್ಲವೇ, ಪದಕ್ಕೆ ಇಳಿಯಿರಿ. ಹತ್ತರಲ್ಲಿ ಯಾವುದಾದರೂ ಐದನ್ನು ಓದಿಸಿ, ನಾಲ್ಕು ಬಂದರೆ ಪದದ ಮಟ್ಟ. ಇಲ್ಲದಿದ್ದರೆ ಅಕ್ಷರ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ಮಗು ಹೇಳಿದ ತಪ್ಪನ್ನು ಹಾಗೇ ಬರೆದುಕೊಳ್ಳಿ. 'ಕೋಳಿ'ಯನ್ನು 'ಕೊಳಿ' ಎಂದವಳಿಗೆ ಕಾಗುಣಿತದ ದೀರ್ಘ ಹಿಡಿದಿಲ್ಲ. 'ಅಕ್ಕಿ'ಯನ್ನು 'ಅಕಿ' ಎಂದವನು ಒತ್ತಕ್ಷರವನ್ನು ನೋಡುತ್ತಲೇ ಇಲ್ಲ. ಪಟ್ಟಿಯಲ್ಲಿ ಇಬ್ಬರದೂ ಒಂದೇ ಮಟ್ಟ, ಕಲಿಸಬೇಕಾದದ್ದು ಬೇರೆ ಬೇರೆ. 'ಹೋಗುತ್ತಾನೆ' ಇದ್ದಲ್ಲಿ 'ಹೋಗ್ತಾನೆ' ಎಂದರೆ ತಪ್ಪು ಹಾಕಬೇಡಿ. ಅದು ಮನೆಮಾತು, ಅರ್ಥವಾಗಿದೆ ಎಂದೇ ಲೆಕ್ಕ. ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸುವುದೂ ನನಗೆ ಅಷ್ಟು ಒಗ್ಗುವುದಿಲ್ಲ. ನಮ್ಮಲ್ಲಿ 'ಮರ'ವೂ ಒಂದು ಪದ, 'ಮನೆಯಲ್ಲಿದ್ದವರಿಗೆ'ಯೂ ಒಂದೇ ಪದ ಅಲ್ವಾ?

ಈಗ ಗುಂಪು. ನಾಲ್ಕೈದು ಮಕ್ಕಳು, ಹದಿನೈದು ನಿಮಿಷ. ಅಕ್ಷರದ ಗುಂಪಿನ ಜೊತೆ ದಿನಾ ನೀವೇ ಕೂರಿ. ಅಆಇಈ ಸಾಲಿನಿಂದ ಬೇಡ. ನಲಿಕಲಿಯಲ್ಲಿ ಮೊದಲು ಕಲಿಸುವ ರ, ಗ, ಸ, ದ, ಅ ಹಿಡಿದರೆ ಮೊದಲ ವಾರವೇ 'ಸರ', 'ಅರಸ', 'ಗರಗಸ' ಓದಿಸಬಹುದು. ದೀರ್ಘದವರದು ಒಂದು ಗುಂಪು, ಒತ್ತಿನವರದು ಇನ್ನೊಂದು. ಅವರ ಜೊತೆ ದಿನ ಬಿಟ್ಟು ದಿನ ಕೂತರೆ ಸಾಕು. ಕಥೆ ಓದುವವರು ಜೋಡಿಯಾಗಿ ಓದಿಕೊಳ್ಳಲಿ.

ಮೂರು ವಾರಕ್ಕೆ ಮತ್ತೆ ಓದಿಸಿ ನೋಡಿ, ದಾಟಿದವರನ್ನು ಮುಂದಿನ ಗುಂಪಿಗೆ ಕಳಿಸಿ. ಆಗ ಹೊಸ ಹಾಳೆ ಬರೆಯಿರಿ. ಹಳೆಯದು ಅಷ್ಟರಲ್ಲಿ ಅಂಗನವಾಡಿಯ ತಂಗಿಗೂ ಬಾಯಿಪಾಠವಾಗಿರುತ್ತದೆ.