ಹಾಸಿಗೆಯಿಂದ ಡಬ್ಬಿಗೆ 17 ಹೆಜ್ಜೆ

ನೈಟ್ ಡ್ಯೂಟಿ, ಬೆಳಗಿನ ಜಾವ ನಾಲ್ಕು ಗಂಟೆ. ಒಬ್ಬ ರೋಗಿಯ ರಕ್ತ ತೆಗೆದು ಮುಗಿಸಿದ್ದೆ. ಬಲಗೈಯಲ್ಲಿ ಸಿರಿಂಜ್, ಎಡಗೈಯಲ್ಲಿ ಸೂಜಿಯ ಕ್ಯಾಪ್. ಕ್ಯಾಪ್ ಹಾಕಲು ಹೋದೆ. ಸೂಜಿ ಕ್ಯಾಪಿನ ಅಂಚಿಗೆ ತಾಗಿ ಜಾರಿ, ಎಡಗೈ ತೋರುಬೆರಳಿಗೆ ಹೊಕ್ಕಿತು. ನೋವೇನೂ ಅಷ್ಟಿರಲಿಲ್ಲ, ಇರುವೆ ಕಚ್ಚಿದ ಹಾಗಿತ್ತು. ಗ್ಲೌಸಿನ ಒಳಗೆ ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಕಾಣಿಸಿತು. ನೋಡುತ್ತಿದ್ದ ಹಾಗೇ ಹರಡಿತು.

ಆಮೇಲೆ ನಾನು ಮಾಡಿದ್ದೆಲ್ಲ ತಪ್ಪೇ. ಬೆರಳನ್ನು ಜೋರಾಗಿ ಹಿಂಡಿದೆ. ಸ್ಪಿರಿಟ್ ಸುರಿದುಕೊಂಡೆ. ಹತ್ತಿ ಒತ್ತಿ ಹಿಡಿದು, ಹೊಸ ಗ್ಲೌಸ್ ಹಾಕಿಕೊಂಡು ಮುಂದಿನ ಹಾಸಿಗೆಗೆ ಹೋದೆ. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಡ್ಯೂಟಿ ಒಪ್ಪಿಸುವಾಗ ತಡೆಯಲಾಗದೆ ಬಾಯಿ ಬಿಟ್ಟೆ. ಆಗ ಕಿವಿಗೆ ಬಿದ್ದ ಮೊದಲ ಮಾತು, "ನೋಡ್ಕೊಂಡು ಮಾಡೋಕಾಗಲ್ವಾ?"

ಆ ರೋಗಿಗೆ ಹೆಪಟೈಟಿಸ್ ಬಿ, ಅಂದರೆ ರಕ್ತದಿಂದ ಹರಡಿ ಲಿವರಿಗೆ ತಗಲುವ ಸೋಂಕು, ಇದೆ ಅಂತ ಅವತ್ತೇ ಮಧ್ಯಾಹ್ನ ಗೊತ್ತಾಯಿತು. ಎಚ್‌ಐವಿ ಇರಲಿಲ್ಲ. ನಾನು ಹೆಪಟೈಟಿಸ್ ಬಿ ಲಸಿಕೆಯ ಎರಡು ಡೋಸ್ ಹಾಕಿಸಿಕೊಂಡಿದ್ದೆ. ಆರನೇ ತಿಂಗಳಿನ ಮೂರನೇ ಡೋಸನ್ನು ಇವತ್ತು ನಾಳೆ ಅಂತ ಮುಂದೂಡುತ್ತಲೇ ಇದ್ದೆ. ಕೂಡಲೇ ರಕ್ಷಣೆ ಕೊಡುವ ಇಮ್ಯುನೊಗ್ಲೋಬುಲಿನ್ ಇಂಜೆಕ್ಷನ್ ಕೊಟ್ಟರು, ಜೊತೆಗೆ ಬಾಕಿ ಉಳಿದ ಡೋಸ್. ಆ ಇಂಜೆಕ್ಷನ್ 24 ಗಂಟೆಯೊಳಗೆ ಬಿದ್ದರೆ ಒಳ್ಳೆಯದು. ಬೆಳಿಗ್ಗೆಯೂ ಬಾಯಿ ಬಿಡದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಎದೆ ಝಲ್ ಅನ್ನುತ್ತದೆ. ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ರಕ್ತ ಪರೀಕ್ಷೆ. ಮೂರು ಸಲವೂ ಒಬ್ಬಳೇ ಹೋದೆ, ಒಬ್ಬಳೇ ಕೂತು ಕಾದೆ. ಕೊನೆಗೆ ಏನೂ ಆಗಿಲ್ಲ ಅಂತ ಬಂತು.

ಆ ಆರು ತಿಂಗಳು ನನ್ನನ್ನು ಕೊರೆದದ್ದು ಒಂದೇ ಮಾತು: ನೋಡ್ಕೊಂಡು ಮಾಡೋಕಾಗಲ್ವಾ? ನಾನು ನೋಡಿಕೊಂಡೇ ಮಾಡಿದ್ದೆ. ಹಾಗಿದ್ದರೆ ಎಲ್ಲಿ ಎಡವಿದೆ?

ಕೆಲವು ವರ್ಷದ ಮೇಲೆ ಬೇರೆ ಕಡೆ ವಾರ್ಡ್ ಇನ್‌ಚಾರ್ಜ್ ಆದೆ. ಆಗ ಮಾಡಿದ ಮೊದಲ ಕೆಲಸ, ಒಂದು ನೋಟ್‌ಬುಕ್ ಇಟ್ಟದ್ದು. ಅದರಲ್ಲಿ ಹೆಸರು ಬರೆಯುವ ಹಾಗಿಲ್ಲ. ಎಲ್ಲಿ ಚುಚ್ಚಿಕೊಂಡಿರಿ, ಆಗ ಏನು ಮಾಡುತ್ತಿದ್ದಿರಿ, ಗಂಟೆ ಎಷ್ಟು. ಇಷ್ಟೇ. ಗಾಯ ಆದವರ ಚಿಕಿತ್ಸೆಯ ದಾಖಲೆ ಬೇರೆ ಇರುತ್ತದೆ, ಅದು ಗುಟ್ಟಾಗಿಯೇ ಇರಬೇಕು. ಈ ಪುಸ್ತಕ ಜಾಗ ಹುಡುಕುವುದಕ್ಕೆ ಮಾತ್ರ.

ಮೊದಲ ತಿಂಗಳು ಪುಟ ಖಾಲಿ. ಅಷ್ಟು ದೊಡ್ಡ ವಾರ್ಡಿನಲ್ಲಿ ಒಂದು ತಿಂಗಳು ಯಾರಿಗೂ ಸೂಜಿ ತಾಗಲಿಲ್ಲ ಅಂದರೆ ನಂಬೋದು ಹೇಗೆ? ಒಂದು ಬೆಳಿಗ್ಗೆ ಡ್ಯೂಟಿ ಬದಲಾಗುವ ಹೊತ್ತಿಗೆ ಎಲ್ಲರ ಮುಂದೆ ನನ್ನ ಬೆರಳಿನ ಕಥೆ ಹೇಳಿದೆ. ಹಿಂಡಿದ್ದು, ಸ್ಪಿರಿಟ್ ಸುರಿದದ್ದು, ಮುಚ್ಚಿಟ್ಟದ್ದು, ಮೂರನೇ ಡೋಸ್ ಬಿಟ್ಟದ್ದು, ಒಂದನ್ನೂ ಬಿಡಲಿಲ್ಲ. ಅದೇ ವಾರ ಪುಸ್ತಕದಲ್ಲಿ ಮೂರು ಸಾಲು ಬಿತ್ತು. ಒಂದಂತೂ ಹೋದ ವರ್ಷದ್ದು!

ಆ ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಹೆಚ್ಚಿನವು ಚುಚ್ಚುವಾಗ ಆದದ್ದಲ್ಲ, ಚುಚ್ಚಿ ಮುಗಿದ ಮೇಲೆ ಆದದ್ದು. ಕ್ಯಾಪ್ ಹಾಕುವಾಗ, ಟ್ರೇ ಹಿಡಿದು ನಡೆಯುವಾಗ, ತುಂಬಿದ ಡಬ್ಬಿಗೆ ಸೂಜಿ ತುರುಕುವಾಗ. ಅಂದರೆ ರೋಗಿಯ ಹಾಸಿಗೆಗೂ ಬಳಸಿದ ಸೂಜಿ ಹಾಕುವ ಡಬ್ಬಿಗೂ ನಡುವಿನ ದಾರಿಯಲ್ಲಿ.

ಆ ದಾರಿಯನ್ನು ನಡೆದೇ ಅಳೆದೆ. ಖಾಲಿ ಟ್ರೇ ಹಿಡಿದು, ಕೊನೆಯ ಹಾಸಿಗೆಯಿಂದ ಶುರು ಮಾಡಿದೆ. ಪರದೆ ಸರಿಸಬೇಕು, ಅದಕ್ಕೊಂದು ಕೈ ಬೇಕು. ಡ್ರಿಪ್ ಸ್ಟ್ಯಾಂಡ್ ಸುತ್ತಿ ಬರಬೇಕು. ಸ್ಟೂಲಿನ ಮೇಲೆ ಕೂತ ರೋಗಿಯ ಮಗ "ಸಿಸ್ಟರ್, ಡ್ರಿಪ್ ಮುಗೀತಾ ಬಂತು" ಅಂದ, ತಿರುಗಿ ನೋಡಿದೆ. ಕೈ ತೊಳೆಯುವ ಸಿಂಕ್ ದಾಟಿ, ಕೌಂಟರ್ ಪಕ್ಕದ ಡಬ್ಬಿ ಮುಟ್ಟುವ ಹೊತ್ತಿಗೆ 17 ಹೆಜ್ಜೆ. ರಾತ್ರಿ ಅರ್ಧ ಲೈಟ್ ಆರಿಸಿರುತ್ತಾರೆ ಬೇರೆ. ತೆರೆದ ಸೂಜಿ ಹಿಡಿದು ಅಷ್ಟು ದೂರ ಯಾರು ನಡೆಯುತ್ತಾರೆ? ಅದಕ್ಕೇ ಕ್ಯಾಪ್ ಹಾಕುತ್ತಾರೆ. ಉಳಿದವರಿಗೆ ತಾಗದಿರಲಿ ಅಂತ ಹಾಕುತ್ತಾರೆ. ಅದು ಅಜಾಗ್ರತೆ ಅಲ್ಲವೇ ಅಲ್ಲ, ಕಾಳಜಿ. "ಕ್ಯಾಪ್ ಹಾಕಬೇಡಿ" ಅಂತ ಗೋಡೆ ತುಂಬ ಪೋಸ್ಟರ್ ಅಂಟಿಸಿ, ಡಬ್ಬಿಯನ್ನು ಮಾತ್ರ 17 ಹೆಜ್ಜೆ ಆಚೆ ಇಟ್ಟಿದ್ದೆವು.

ಪ್ರತಿ ಟ್ರಾಲಿಗೂ ಒಂದೊಂದು ಚಿಕ್ಕ ಡಬ್ಬಿ ಸಿಕ್ಕಿಸಿದೆವು. ಟ್ರಾಲಿ ಇಲ್ಲದೆ ಯಾರೂ ರಕ್ತ ತೆಗೆಯಲು ಹೋಗುವ ಹಾಗಿಲ್ಲ ಅಂತ ಮಾಡಿದೆವು. ಗೋಡೆಯ ಡಬ್ಬಿಗಳ ಎತ್ತರ ನೋಡಿದರೆ ಎರಡು ಕಡೆ ಡಬ್ಬಿಯ ಬಾಯಿ ನನ್ನ ಕಣ್ಣಿಗಿಂತ ಮೇಲಿತ್ತು. ಒಳಗೆ ಎಷ್ಟು ತುಂಬಿದೆ ಅಂತ ಕಾಣದೆ ಕೈ ಚಾಚಿ ಹಾಕುವುದು! ವಾರ್ಡಿನಲ್ಲಿ ಎಲ್ಲರಿಗಿಂತ ಗಿಡ್ಡಗಿರುವ ಸಿಸ್ಟರನ್ನು ನಿಲ್ಲಿಸಿ, ಬಾಯಿ ಅವಳಿಗೆ ಚೆನ್ನಾಗಿ ಕಾಣುವ ಮಟ್ಟಕ್ಕೆ, ಸೊಂಟಕ್ಕಿಂತ ಮೇಲೆ, ಇಳಿಸಿದೆವು. ಮುಕ್ಕಾಲು ಭಾಗದ ಗೆರೆಯನ್ನು ಕೆಂಪು ಮಾರ್ಕರಿನಲ್ಲಿ ದಪ್ಪಗೆ ಎಳೆದೆವು. ಗೆರೆ ಮುಟ್ಟಿದರೆ ಡಬ್ಬಿ ಮುಚ್ಚಿ ಹೊಸದು ಇಡಬೇಕು. ಹೊಸ ಡಬ್ಬಿ ಬೀಗ ಹಾಕಿದ ಸ್ಟೋರಿನಲ್ಲಿದ್ದರೆ ರಾತ್ರಿ ಯಾರೂ ಬದಲಾಯಿಸುವುದಿಲ್ಲ. ಇದು ಮೊದಲ ವಾರವೇ ಗೊತ್ತಾಯಿತು. ಆಮೇಲೆ ಎರಡು ಖಾಲಿ ಡಬ್ಬಿ ಯಾವಾಗಲೂ ಕೌಂಟರಿನ ಕೆಳಗೇ ಇರುತ್ತವೆ.

ಕ್ಯಾಪ್ ಹಾಕದೆ ಬೇರೆ ದಾರಿಯೇ ಇಲ್ಲ ಅನ್ನುವ ಸಂದರ್ಭ ಅಪರೂಪಕ್ಕೆ ಬರುತ್ತದೆ. ಆಗ ಕ್ಯಾಪನ್ನು ಟ್ರೇಯಲ್ಲಿ ಮಲಗಿಸಿ, ಒಂದೇ ಕೈಯಲ್ಲಿ ಸೂಜಿಯಿಂದ ಅದನ್ನು ಎತ್ತಿಕೊಳ್ಳಬೇಕು. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ ಅಂತ ಹೊಸಬರಿಗೆ ಹೇಳಿಕೊಡುತ್ತೇನೆ.

ಪುಸ್ತಕದಲ್ಲಿ ನನ್ನನ್ನು ಜಾಸ್ತಿ ಕಲಕಿದ ಸಾಲು ನರ್ಸ್‌ಗಳದ್ದಲ್ಲ. ವಾರ್ಡ್ ಗುಡಿಸಿ ಒರೆಸುವ ಅಕ್ಕ ಒಬ್ಬರು, ಬರೆಯಲು ಬರದ ಕಾರಣ, ನನ್ನ ಹತ್ತಿರ ಬಂದು ಹೇಳಿ ಬರೆಸಿದರು. "ನಾನು ಸೂಜಿ ಮುಟ್ಟೋದೇ ಇಲ್ಲ ಸಿಸ್ಟರ್. ಆದ್ರೂ ನಂಗೇ ಚುಚ್ಚುತ್ತೆ." ಕಸದ ಚೀಲ ಎತ್ತಿ ಕಟ್ಟುವಾಗ ತೊಡೆಗೆ ಚುಚ್ಚಿತ್ತು. ಯಾರೋ ಹತ್ತಿಯ ಜೊತೆ ಸೂಜಿಯನ್ನೂ ಚೀಲಕ್ಕೆ ಹಾಕಿದ್ದರು. ಯಾರ ರಕ್ತ, ಯಾವಾಗಿನದು, ಒಂದೂ ಗೊತ್ತಿಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರಬಲ್ಲದು. ಲಸಿಕೆ ಆಗಿದೆಯಾ ಅಂತ ಕೇಳಿದರೆ, ಅಂಥದ್ದೊಂದು ಇದೆ ಅಂತಲೇ ಅವರಿಗೆ ಯಾರೂ ಹೇಳಿರಲಿಲ್ಲ. ಗುತ್ತಿಗೆ ಕೆಲಸದವರು ನಮ್ಮ ಪಟ್ಟಿಯಲ್ಲಿ ಬರುವುದಿಲ್ಲ ಅಂತ ಆಫೀಸಿನವರ ಉತ್ತರ.

ಇದಕ್ಕಾಗಿ ನಾನು ಜಗಳವನ್ನೇ ಮಾಡಿದೆ. ಸೂಜಿಗೆ ಪಟ್ಟಿ ಓದಲು ಬರುತ್ತದಾ? ನಾಲ್ಕು ತಿಂಗಳು ಓಡಾಡಿದ ಮೇಲೆ ಗುಡಿಸುವವರು, ಬಟ್ಟೆ ಒಗೆಯುವವರು, ಕಸ ಸಾಗಿಸುವವರು ಎಲ್ಲರೂ ಪಟ್ಟಿಗೆ ಬಂದರು. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಹೀಗೆ ಮೂರು ಡೋಸ್. ನಾನು ತಪ್ಪಿಸಿಕೊಂಡಿದ್ದ ಆ ಮೂರನೆಯದನ್ನು ಯಾರೂ ತಪ್ಪಿಸಬಾರದು ಅಂತ ಪ್ರತಿಯೊಬ್ಬರ ತಾರೀಖು ನನ್ನ ಡೈರಿಯಲ್ಲೇ ಬರೆದಿಟ್ಟೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿದೆವು. ವೈರಸ್ ತಡೆಯಲು ಮೈಯಲ್ಲಿ ಹುಟ್ಟುವ ಆಂಟಿಬಾಡಿಯ ಮಟ್ಟ 10 mIU/mL ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಲಸಿಕೆ ಹಿಡಿದಿದೆ ಅಂತ ಲೆಕ್ಕ. ಇಬ್ಬರಿಗೆ ಹಿಡಿದಿರಲಿಲ್ಲ, ಮತ್ತೆ ಹಾಕಿಸಿದೆವು. ಪರೀಕ್ಷೆ ಮಾಡಿಸದೇ ಇದ್ದಿದ್ದರೆ ಆ ಇಬ್ಬರೂ ತಮಗೆ ರಕ್ಷಣೆ ಇದೆ ಅಂದುಕೊಂಡೇ ಇರುತ್ತಿದ್ದರು.

ಇದೆಲ್ಲ ನರ್ಸ್‌ಗಳ ಸಣ್ಣ ತಾಪತ್ರಯ ಅಂತ ಯಾರಾದರೂ ಅಂದಾಗ ನಾನು 1847ರ ವಿಯೆನ್ನಾದ ಕಥೆ ಹೇಳುತ್ತೇನೆ. ಯಾಕೋಬ್ ಕೊಲೆಟ್ಷ್ಕಾ ಅನ್ನುವ ವೈದ್ಯರು ಶವಪರೀಕ್ಷೆ ಮಾಡಿಸುತ್ತಿದ್ದಾಗ ವಿದ್ಯಾರ್ಥಿಯ ಚಾಕು ಅವರ ಬೆರಳಿಗೆ ತಾಗಿತು. ಸೋಂಕು ಮೈಗೆಲ್ಲ ಏರಿ ತೀರಿಕೊಂಡರು. ಅವರ ಶವಪರೀಕ್ಷೆಯ ವರದಿ ಓದಿದ ಗೆಳೆಯ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ, ಅದು ಹೆರಿಗೆ ವಾರ್ಡಿನಲ್ಲಿ ಸಾಯುತ್ತಿದ್ದ ಬಾಣಂತಿಯರ ಕಾಯಿಲೆಯ ಹಾಗೇ ಇದೆ ಅಂತ ಹೊಳೆಯಿತು. ಶವ ಮುಟ್ಟಿದ ಕೈಯೇ ಕಾಯಿಲೆ ಒಯ್ಯುತ್ತಿದೆ ಅಂತ ತಿಳಿದು, ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ನಿಯಮ ತಂದರು. ಬಾಣಂತಿಯರ ಸಾವು ಇಳಿಯಿತು. ಆಸ್ಪತ್ರೆಯಲ್ಲಿ ದುಡಿಯುವವರ ಬೆರಳಿಗೆ ಆದ ಒಂದು ಗಾಯವನ್ನು ಒಬ್ಬರು ಗಮನ ಕೊಟ್ಟು ನೋಡಿದ್ದಕ್ಕೆ ಇಷ್ಟಾಯಿತು.

ಈಗ ನಮ್ಮ ವಾರ್ಡಿನಲ್ಲಿ ಸೂಜಿ ತಾಗಿದರೆ ಏನು ಮಾಡಬೇಕು ಅನ್ನುವುದು ಎಲ್ಲರಿಗೂ ಬಾಯಿಪಾಠ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಟ್ಟುಕೊಳ್ಳಬೇಡಿ, ಸ್ಪಿರಿಟ್ ಬ್ಲೀಚ್ ಹಾಕಬೇಡಿ. ಕಣ್ಣಿಗೆ ಹಾರಿದ್ದರೆ ಬರೀ ನೀರು ಸಾಕು. ಕೂಡಲೇ ತಿಳಿಸಿ, ಡ್ಯೂಟಿ ಮುಗಿಯುವ ತನಕ ಕಾಯಬೇಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. 28 ದಿನ ತೆಗೆದುಕೊಳ್ಳಬೇಕು. ಸುಮ್ನೆ ಹೆದರಿ ಕೂರದಿರಲಿ ಅಂತ ಲೆಕ್ಕವನ್ನೂ ಹೇಳುತ್ತೇನೆ. ಸೋಂಕಿರುವವರ ರಕ್ತದ ಸೂಜಿ ಒಂದು ಸಲ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಹೆಪಟೈಟಿಸ್ ಸಿ ನೂರಕ್ಕೆ 2ಕ್ಕಿಂತ ಕಡಿಮೆ. ಹೆಪಟೈಟಿಸ್ ಬಿ ಮಾತ್ರ ಲಸಿಕೆ ಇಲ್ಲದವರಿಗೆ ನೂರಕ್ಕೆ 6ರಿಂದ 30. ಎಲ್ಲರೂ ಎಚ್‌ಐವಿಗೆ ಹೆದರುತ್ತಾರೆ. ಈ ಮೂರರಲ್ಲಿ ಸುಲಭವಾಗಿ ತಗಲುವುದು ಬಿ. ಲಸಿಕೆ ಇರುವುದೂ ಅದೊಂದಕ್ಕೇ.

ಬೆನ್ನುನೋವಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಬೆನ್ನು ಹಿಡಿದದ್ದನ್ನೂ ಬರೆಯಲು ಶುರು ಮಾಡಿದೆವು. ಅಲ್ಲೂ "ಮೊಣಕಾಲು ಬಗ್ಗಿಸಿ ಎತ್ತಿ" ಅಂತ ಹೇಳುವುದೇ ಆಗಿತ್ತು. ಕೆಲಸದ ಜಾಗದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಷ್ (NIOSH) ಸಂಸ್ಥೆಯ ಪರಿಣತರ ಲೆಕ್ಕದಲ್ಲಿ, ಬರಿಗೈಯಲ್ಲಿ ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ 16 ಕಿಲೋಗಿಂತ ಜಾಸ್ತಿ ಭಾರ ಬೀಳಬಾರದು. 70 ಕಿಲೋ ಮನುಷ್ಯನ ಒಂದು ಕಾಲೇ ಹತ್ತು ಕಿಲೋ ದಾಟುತ್ತದೆ. ಹಾಗಿದ್ದಾಗ ಇಬ್ಬರು ಸೇರಿ ಪೂರ್ತಿ ಮನುಷ್ಯನನ್ನು ಎತ್ತುವುದನ್ನು ಯಾವ ಮೊಣಕಾಲು ಕಾಪಾಡುತ್ತದೆ? ಜಾರುವ ಶೀಟ್ ತರಿಸಿದೆವು. ಎತ್ತುವ ಬದಲು ಸರಿಸುತ್ತೇವೆ. ಮೊದಲು ಹಾಸಿಗೆಯನ್ನು ಸೊಂಟದ ಮಟ್ಟಕ್ಕೆ ಏರಿಸುತ್ತೇವೆ. ಶೀಟ್ ಕೂಡ ಬೀರುವಿನಲ್ಲಿ ಮಡಚಿಟ್ಟರೆ ಯಾರೂ ಬಳಸುವುದಿಲ್ಲ, ಹಾಸಿಗೆಯ ತುದಿಗೇ ತೂಗುಹಾಕಬೇಕು.

ಮೊನ್ನೆ ರಾತ್ರಿ ಎರಡೂವರೆಗೆ ಫೋನ್ ಬಂತು. ಹೊಸದಾಗಿ ಸೇರಿದ ಹುಡುಗಿ.

"ಅಕ್ಕಾ, ಚುಚ್ಚಿಕೊಂಡೆ."

"ತೊಳೆದ್ಯಾ?"

"ಹೂಂ, ತೊಳೆದೆ. ಡ್ಯೂಟಿ ಡಾಕ್ಟರಿಗೂ ಹೇಳಿದೀನಿ."

"ಸರಿ ಮಾಡಿದೆ. ಎಲ್ಲಿ ಆಯ್ತು?"

"ಹನ್ನೊಂದನೇ ಬೆಡ್ ಹತ್ರ. ಅಲ್ಲಿ ಟ್ರಾಲಿ ಒಳಗೆ ಬರಲ್ಲ ಅಕ್ಕಾ."

ಬೆಳಿಗ್ಗೆ ಹೋಗಿ ನೋಡಿದೆ. ಹಾಸಿಗೆಗೂ ಗೋಡೆಗೂ ನಡುವೆ ಆಕ್ಸಿಜನ್ ಸಿಲಿಂಡರ್ ನಿಲ್ಲಿಸಿದ್ದರು. ಟ್ರಾಲಿ ಪರದೆಯ ಆಚೆಯೇ ನಿಲ್ಲಬೇಕಿತ್ತು. ಸಿಲಿಂಡರನ್ನು ತಲೆಯ ಬದಿಗೆ ಸರಿಸಿ ಕಟ್ಟಿದೆವು. ಟ್ರಾಲಿ ಒಳಗೆ ಬಂತು. ಅವಳ ಲಸಿಕೆ ಪೂರ್ತಿ ಆಗಿದೆ, ಆಂಟಿಬಾಡಿ ಮಟ್ಟವೂ ಚೆನ್ನಾಗಿದೆ. ಉಳಿದ ಪರೀಕ್ಷೆಗಳ ತಾರೀಖು ನನ್ನ ಡೈರಿಯಲ್ಲಿದೆ. ಮೊದಲನೆಯದು ಆರು ವಾರಕ್ಕೆ, ಒಂದು ಮಂಗಳವಾರ ಬರುತ್ತದೆ. ಅವತ್ತು ನಾನು ರಜೆ ಹಾಕಿದ್ದೇನೆ, ಅವಳ ಜೊತೆ ಹೋಗುವುದಕ್ಕೆ.