ಊಟ ಅದೇ ಇರ್ಲಿ, ಅಳತೆ ಮಾತ್ರ ಉಲ್ಟಾ ಮಾಡಿ

ನಮ್ಮ ಕಡೆ ಊಟದಲ್ಲಿ ಇರೋ ಪ್ರಾಬ್ಲಮ್ ಏನಪ್ಪಾ ಅಂದ್ರೆ ತಟ್ಟೇಲಿ ಎಲ್ಲಾ ಇರುತ್ತೆ, ಆದ್ರೆ ಅನ್ನ ಒಂದು ಗುಡ್ಡೆ, ಮೇಲೆ ತಿಳಿ ಸಾರು, ಪಲ್ಯ ನೆಂಚ್ಕೊಳ್ಳೋಕೆ ಎರಡೇ ಸ್ಪೂನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು (ಎನ್‌ಐಎನ್) 2024ರಲ್ಲಿ ಕೊಟ್ಟ ಗೈಡ್‌ಲೈನ್ಸಲ್ಲೂ ದಿನದ ಕ್ಯಾಲರಿಲಿ ಧಾನ್ಯದ ಪಾಲು ಶೇ 45 ದಾಟಬಾರದು ಅಂತಾನೇ ಇದೆ. ಅದಕ್ಕೆ ಚಿಯಾ ಸೀಡ್ಸು, ಕೀನ್ವಾ ಅಂತ ದುಡ್ಡು ಸುರಿಯೋ ಮುಂಚೆ ಮೊದ್ಲು ಪಲ್ಯ, ಕಾಳು ಬಡಿಸ್ಕೊಳ್ಳಿ, ಆಮೇಲೆ ಉಳಿದ ಜಾಗಕ್ಕೆ ಅನ್ನ ಹಾಕ್ಕೊಳ್ಳಿ.

ರಾಗಿ ಒಳ್ಳೇದೇ, ಕ್ಯಾಲ್ಸಿಯಂ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿನೇ ಇದೆ, ಆದ್ರೆ ರಾಗಿ ತಾನೇ ಅಂತ ಎರಡು ದೊಡ್ಡ ಮುದ್ದೆ ಇಳಿಸಿ ಮೇಲೆ ಅನ್ನನೂ ಉಂಡ್ರೆ ಶುಗರ್ ಏರೇ ಏರುತ್ತೆ, ಅದರಲ್ಲೂ ನುಣ್ಣಗಿನ ಹಿಟ್ಟಿನ ಗಂಜಿ ಕುಡಿದ್ರೆ ಇನ್ನೂ ಬೇಗ.

ಕಾಳು ಸೊಪ್ಪು ಒಟ್ಟಿಗೆ ಹೊಟ್ಟೆಗೆ ಹೋಗೋಕೆ ಬಸ್ಸಾರಿಗಿಂತ ಸುಲಭದ ದಾರಿ ನಂಗಂತೂ ಗೊತ್ತಿಲ್ಲ. ರಾತ್ರಿ ಅಲಸಂದೆ ಕಾಳೋ ಹೆಸರುಕಾಳೋ ನೆನೆಹಾಕಿ (ಗ್ಯಾಸ್ ಆಗುತ್ತೆ ಅನ್ನೋರು ನೆನೆಸಿದ ನೀರು ಚೆಲ್ಲಿ), ಬೆಳಿಗ್ಗೆ ಹೊಸ ನೀರಲ್ಲಿ ಬೇಯಿಸಿ, ಮುಕ್ಕಾಲು ಬೆಂದಾಗ ದಂಟಿನ ಸೊಪ್ಪು ಇಲ್ಲಾ ಸಬ್ಬಸಿಗೆ ಹೆಚ್ಚಿ ಹಾಕಿ, ಬೆಂದ್ಮೇಲೆ ಬಸಿದು ಕಟ್ಟು ಬೇರೆ ಇಟ್ಕೊಳ್ಳಿ. ಆ ಕಟ್ಟನ್ನ ಸಿಂಕಿಗೆ ಸುರೀಬೇಡಿ ಮಾರಾಯ್ರೆ, ಸೊಪ್ಪಿನ ಸತ್ವ ಒಂದಿಷ್ಟು ಅದರಲ್ಲೇ ಇಳಿದಿರುತ್ತೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಚೂರು ಕಾಯಿ, ಜೊತೆಗೆ ಒಂದು ಹಿಡಿ ಬೆಂದ ಕಾಳು ರುಬ್ಬಿ ಅದಕ್ಕೆ ಹಾಕಿ ಕುದಿಸಿದ್ರೆ ಸಾರು, ಬಸಿದ ಕಾಳು ಸೊಪ್ಪಿಗೆ ಸಾಸಿವೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ರೆ ಪಲ್ಯ. ಒಲೆ ಆರಿಸಿದ್ಮೇಲೆ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಅದರಲ್ಲಿರೋ ವಿಟಮಿನ್ ಸಿ ಇದ್ರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತೆ.

ಇಷ್ಟೆಲ್ಲಾ ಮಾಡಿ ಊಟ ಆದ ತಕ್ಷಣ ಕಾಫಿ ಕುಡಿದ್ರೆ ಹೋಯ್ತು, ಕಾಫಿ ಟೀ ಎರಡೂ ಆ ಕಬ್ಬಿಣ ಹೀರೋದನ್ನ ತಡೆಯುತ್ತೆ, ಊಟಕ್ಕೂ ಕಾಫಿಗೂ ಒಂದು ಗಂಟೆ ಗ್ಯಾಪ್ ಇರ್ಲಿ. ಸಕ್ಕರೆನೂ ಲೆಕ್ಕ ಹಾಕಿ, ಲೋಟಕ್ಕೆ ಎರಡು ಟೀ ಸ್ಪೂನ್ ಅಂದ್ರೂ ಮೂರು ಕಾಫಿಗೆ ಹತ್ತಿರ ಹತ್ತಿರ 25 ಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಇಷ್ಟರೊಳಗೆ ಇದ್ರೆ ಒಳ್ಳೇದು ಅನ್ನೋ ಲೆಕ್ಕ ಕಾಫಿಲೇ ಮುಗೀತು, ಬಿಸ್ಕೆಟ್ ಇನ್ನೂ ಬಾಕಿ ಇದೆ. ಒಂದೇ ಸಲ ನಿಲ್ಲಿಸೋಕೆ ಹೋಗ್ಬೇಡಿ, ಮೂರನೇ ದಿನಕ್ಕೆ ವಾಪಸ್ ಬರ್ತೀರ, ವಾರಕ್ಕೆ ಕಾಲು ಸ್ಪೂನ್ ಇಳಿಸ್ತಾ ಬನ್ನಿ.

ಉಪ್ಪು ಎಷ್ಟು ತಿಂತೀವಿ ಅಂತ ಯಾರಿಗೂ ಗೊತ್ತಿರಲ್ಲ, ಕೈ ಅಳತೆ ತಾನೇ. ಅದಕ್ಕೊಂದು ಉಪಾಯ ಇದೆ, ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಖು ಬರೀರಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ ಇರ್ಬೇಕು, ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಆಯ್ತು, ಅಂದ್ರೆ ಒಂದು ಕೇಜಿ ಪ್ಯಾಕೆಟ್ ಐವತ್ತು ದಿನ ಆದ್ರೂ ಬರ್ಬೇಕು. ತಿಂಗಳಿಗೆ ಮುಂಚೆನೇ ಖಾಲಿ ಆದ್ರೆ ಜಾಸ್ತಿ ಆಯ್ತು ಅಂತಾನೇ ಅರ್ಥ, ಮತ್ತೆ ಅಂಗಡಿಯಿಂದ ತಂದ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಈ ಲೆಕ್ಕಕ್ಕೇ ಬಂದಿಲ್ಲ. ಎಣ್ಣೆಗೂ ಹೀಗೇ ತಾರೀಖು ಬರೆದಿಡಬಹುದು.

ಊಟ ಆದ್ಮೇಲೆ ಮೊಬೈಲ್ ಹಿಡ್ಕೊಂಡು ಸೋಫಾಗೆ ಬೀಳೋ ಬದ್ಲು ಹತ್ತು ಹದಿನೈದು ನಿಮಿಷ ನಿಧಾನಕ್ಕೆ ಓಡಾಡಿ, ಟೆರೇಸಲ್ಲೋ ರೋಡಲ್ಲೋ, ಬೇಕಿದ್ರೆ ಫೋನಲ್ಲಿ ಮಾತಾಡ್ಕೊಂಡೇ, ಊಟದ ನಂತರ ಶುಗರ್ ಏರೋದು ಕಮ್ಮಿ ಆಗುತ್ತೆ.

ಇನ್ಸುಲಿನ್ ಇಲ್ಲಾ ಶುಗರ್ ಮಾತ್ರೆ ತಗೊಳ್ಳೋರು ಮಾತ್ರ ಅನ್ನ ಇಳಿಸೋ ಮುಂಚೆ ಡಾಕ್ಟರ್ ಹತ್ರ ಒಂದು ಮಾತು ಕೇಳಿ, ಡೋಸ್ ಅಷ್ಟೇ ಇದ್ದು ಊಟ ಕಮ್ಮಿ ಆದ್ರೆ ಲೋ ಶುಗರ್ ಆಗಿ ತಲೆ ಸುತ್ತಿ ಬೀಳೋ ಚಾನ್ಸ್ ಇರುತ್ತೆ. ಕಿಡ್ನಿ ತೊಂದ್ರೆ ಇರೋರೂ ಅಷ್ಟೇ, ಕಾಳು ಸೊಪ್ಪು ಎಷ್ಟು ತಿನ್ಬೇಕು ಅನ್ನೋದನ್ನ ಡಾಕ್ಟರೇ ಹೇಳ್ಬೇಕು.